ರೆಫರ್ ಮಾಡಿದ ಗರ್ಭಿಣಿ ತಡವಾಗಿ ತಲುಪುತ್ತಿದ್ದಾರಾ? ಸಮಯ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬಗೆ

ನಮ್ಮ ರಾಯಚೂರು ಕಡೆ ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ ರೈತರು ಮೊದಲು ಏನು ಕೇಳುತ್ತಾರೆ ಗೊತ್ತಲ್ವಾ? 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟದ ಅಳತೆ) ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಅಂತ. ಒಂದು ಗೇಜಿನಲ್ಲಿ ನೀರಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ, ನೀರು ಹೋದದ್ದು ಅವೆರಡರ ನಡುವೆಯೇ. ಹುಡುಕೋಕೆ ಒಂದು ಜಾಗ ಸಿಕ್ಕಿತು.

ಗರ್ಭಿಣಿಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ನಾವು ಗೇಜ್ ನೋಡುವುದಿಲ್ಲ. "ರೋಡ್ ಸರಿ ಇಲ್ಲ", "ಗಾಡಿ ಲೇಟು" ಅಂದುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಅಂದವಳೇ. ತಾಲ್ಲೂಕು ಮಟ್ಟದ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಸ್ಟಾಫ್ ನರ್ಸ್ ಕೆಲಸ ನನ್ನದು. ಒಂದು ರಾತ್ರಿ ಸಮಯ ಬರೆದಿಟ್ಟು ಮರುದಿನ ಕೂಡಿಸಿ ನೋಡಿದ ಮೇಲೆ ರೋಡಿನ ಮಾತು ಬಿಟ್ಟೆ. ಈ ಬರಹ ನನ್ನಂಥ ಸಿಸ್ಟರ್‌ಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ, ಆಶಾಗಳಿಗೆ, 108 ಗಾಡಿಯವರಿಗೆ.

ಮೊದಲು ಗೇಜ್ ಹಾಕಿ

ದೋಷ ಏನಿರಲಿ, ಆರು ಹೊತ್ತು ಬರೆದುಕೊಳ್ಳದೆ ಅದು ಸಿಗುವುದಿಲ್ಲ. ನಾನು ಬರೆದ ಆ ರಾತ್ರಿಯ ಹಾಳೆ ಹೀಗಿತ್ತು:

ಕಳಿಸಬೇಕು ಅಂತ ತೀರ್ಮಾನ: 1:10
108ಕ್ಕೆ ಫೋನ್: 1:35
ಗಾಡಿ ಬಂತು: 2:05
ಗಾಡಿ ಹೊರಟಿತು: 2:40
ದೊಡ್ಡ ಆಸ್ಪತ್ರೆ ಗೇಟು: 4:05
ಅಲ್ಲಿ ಡಾಕ್ಟರು ಮುಟ್ಟಿ ನೋಡಿದ್ದು: 4:45

ಒಟ್ಟು 215 ನಿಮಿಷ. ರೋಡಿನ ಮೇಲೆ ಕಳೆದದ್ದು 85. ಗಾಡಿಗೆ ಕಾದದ್ದು 30. ಉಳಿದ 100 ನಿಮಿಷ ಎಲ್ಲಿ ಹೋಯಿತು? 25 ನಿಮಿಷ ನಮ್ಮ ಕೋಣೆಯಲ್ಲಿ, 35 ನಮ್ಮ ಅಂಗಳದಲ್ಲಿ, 40 ಅವರ ಬಾಗಿಲಲ್ಲಿ. ರೋಡಿಗಿಂತ ಜಾಸ್ತಿ ಹೊತ್ತು ನಿಂತಲ್ಲೇ ಕಳೆದಿದ್ದೆವು.

ಚೊಚ್ಚಲ ಬಸುರಿ, ಎಂಟು ತಿಂಗಳು ತುಂಬಿತ್ತು. ಬಿಪಿ 160/110, ತಲೆ ಸಿಡಿತ, ಕಣ್ಣು ಮಂಜು. ತಾಯಿ, ಮಗು ಇಬ್ಬರೂ ಉಳಿದರು. ಹಾಗಾಗಿ ಆ ರಾತ್ರಿ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಇದೇ ನಮ್ಮ ವ್ಯವಸ್ಥೆಯ ಒಂದು ಕುರುಡು. ತಾಯಿ ಸತ್ತರೆ ಪರಿಶೀಲನೆಗೆ ಮೀಟಿಂಗ್ ಇದೆ, ಫಾರ್ಮ್ ಇದೆ. ಕೂದಲೆಳೆಯಲ್ಲಿ ಉಳಿದರೆ ನಮ್ಮಂಥ ಆಸ್ಪತ್ರೆಯ ರಿಜಿಸ್ಟರಿನಲ್ಲಿ "ರೆಫರ್ಡ್" ಅಂತ ಒಂದು ಪದ, ಅಷ್ಟೇ. ಅದಕ್ಕೇ ಈ ಹಾಳೆಯನ್ನು ಎಲ್ಲ ರೆಫರಲ್‌ಗೂ ಬರೆಯಿರಿ, ಕೆಟ್ಟದ್ದು ಆದಾಗ ಮಾತ್ರ ಅಲ್ಲ.

ಇನ್ನೊಂದು ಸಣ್ಣ ವಿಷಯ. ಗಡಿಯಾರ ಒಂದೇ ಇರಲಿ. ನಮ್ಮ ಗೋಡೆ ಗಡಿಯಾರ ಮೊಬೈಲಿಗಿಂತ ಏಳು ನಿಮಿಷ ಹಿಂದಿತ್ತು. ಮೊದಲ ನಾಲ್ಕು ಹಾಳೆ ಅದರಿಂದಲೇ ಕೆಟ್ಟವು. ಮೊಬೈಲ್ ನೋಡಿಯೇ ಬರೆಯಿರಿ.

ಹತ್ತು ಹಾಳೆ ಕೂಡಿದ ಮೇಲೆ ಯಾವ ಎರಡು ಗೇಜ್ ನಡುವೆ ಸೋರಿಕೆ ಹೆಚ್ಚು ಅಂತ ತಾನಾಗೇ ಕಾಣುತ್ತದೆ. ಆಮೇಲೆ ಕೆಳಗಿನದರಲ್ಲಿ ನಿಮಗೆ ಬೇಕಾದದ್ದನ್ನು ಓದಿ.

ಲಕ್ಷಣ: ತೀರ್ಮಾನವಾಯಿತು, ಆದರೆ ಫೋನ್ ಹೋಗಿಲ್ಲ

ಇದು ನಮ್ಮ ಭಾಗದ ದೊಡ್ಡ ಸೋರಿಕೆ. ಆ 25 ನಿಮಿಷ ಹೋದದ್ದು ಆ ಹುಡುಗಿಯ ಗಂಡನಿಗೆ ಫೋನ್ ಹಚ್ಚುವುದರಲ್ಲಿ. ಅವನು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ರಾತ್ರಿ ಒಂದಕ್ಕೆ ಎತ್ತಲಿಲ್ಲ. ಹುಡುಗಿಯ ಅವ್ವ "ಗಂಡನ ಮನಿಯವ್ರಿಗೆ ಒಂದ್ ಮಾತು ಹೇಳ್ದ ಹೆಂಗ ಕಳಸ್ಲಿ, ನಾಳಿ ನನ್ನ ಮ್ಯಾಲೆ ಬರ್ತೈತ್ರಿ ಸಿಸ್ಟರ" ಅಂತ ಕೂತುಬಿಟ್ಟರು. ಅವರ ಹೆದರಿಕೆ ಸುಳ್ಳಲ್ಲ. ಚೊಚ್ಚಲ ಹೆರಿಗೆ ತವರಿನದು. ಕುಬಸ (ಸೀಮಂತ) ಮಾಡಿ ಕರೆದುಕೊಂಡು ಬಂದ ಮೇಲೆ ಏನೇ ಆದರೂ ಹೊಣೆ ತವರಿನ ತಲೆ ಮೇಲೆ.

ಅಲ್ಲಿದ್ದ ಇನ್ನೊಬ್ಬ ಅಜ್ಜಿಯ ಮಾತು ಬೇರೆ: "ನಮ್ಮವ್ವ ಹನ್ನೊಂದು ಹಡದಾಳ, ಒಂದಕ್ಕೂ ಗಾಡಿ ಹತ್ತಿಲ್ಲ." ಇದಕ್ಕೆ ವಾದ ಮಾಡಬೇಡಿ. ಹನ್ನೊಂದರಲ್ಲಿ ಎಷ್ಟು ಉಳಿದವು ಅಂತ ಕೇಳಬೇಕು ಅನ್ನಿಸುತ್ತದೆ, ಕೇಳಬೇಡಿ. ಹೊತ್ತು ಹೋಗುತ್ತದೆ, ಮನಸ್ಸೂ ಮುರಿಯುತ್ತದೆ.

ಸರಿಪಡಿಸುವುದು ಸುಲಭ: ಫೋನ್ ಮೊದಲು, ಮಾತು ಆಮೇಲೆ. ಡಾಕ್ಟರು "ಕಳಿಸೋಣ" ಅಂದ ಕೂಡಲೇ ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಮನೆಯವರ ಜೊತೆ ಕೂರಬೇಕು. ಹೇಗೂ ಗಾಡಿ ಬರಲು ಅರ್ಧ ತಾಸು ಬೇಕು, ಒಪ್ಪಿಸಲು ಅಷ್ಟು ಸಾಕು. ಒಪ್ಪದಿದ್ದರೆ ಗಾಡಿ ಬೇಡ ಅಂದರಾಯಿತು.

ದುಡ್ಡಿನ ಚಿಂತೆಯೂ ಇಲ್ಲೇ ಅಡಗಿರುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ. "ನಾಳೆ ಬೆಳಿಗ್ಗೆ ಹೋಗ್ತೀವ್ರಿ" ಅಂದರೆ ಬಹಳ ಸಲ ಅದರ ಅರ್ಥ "ಕೈಯಲ್ಲಿ ರೊಕ್ಕ ಇಲ್ಲ". ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಕಳಿಸುವ ಗಾಡಿ ಬಿಟ್ಟಿ, ಅಲ್ಲಿ ಸಿಸೇರಿಯನ್, ರಕ್ತ, ಔಷಧಿ, ಊಟ ಬಿಟ್ಟಿ, ವಾಪಸ್ ಮನೆಗೆ ಬಿಡುವುದೂ ಬಿಟ್ಟಿ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲೇ ಇದು ಇದೆ. ಕೇಳುವ ಮೊದಲೇ ಹೇಳಿಬಿಡಿ.

ಲಕ್ಷಣ: ಯಾವಾಗಲೂ ನಡುರಾತ್ರಿಯೇ ಕಳಿಸುತ್ತಿದ್ದೀರಿ

ಇದಕ್ಕೆ ಕಾರಣ ರಾತ್ರಿಯಲ್ಲ. ಹಗಲು ಯಾರೂ ನಿರ್ಧಾರ ಮಾಡಿಲ್ಲ ಅಂತ ಅರ್ಥ.

ನಿಮ್ಮ ಹತ್ತು ಹಾಳೆ ತೆಗೆದು ತಾಯಿ ಕಾರ್ಡ್ (ಬಸುರಿಯ ತಪಾಸಣೆ ವಿವರ ಬರೆದಿಡುವ ಕಾರ್ಡ್) ಜೊತೆ ಇಟ್ಟು ನೋಡಿ. ಹಿಂದಿನದು ಸಿಸೇರಿಯನ್, ಎತ್ತರ 140 ಸೆಂಟಿಮೀಟರ್‌ಗಿಂತ ಕಡಿಮೆ, ಅವಳಿ, ಕೂಸು ಅಡ್ಡ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ, ಬಿಪಿ 140/90 ದಾಟಿದ್ದು. ಇವು ಹೆರಿಗೆ ನೋವು ಬಂದ ಮೇಲೆ ಗೊತ್ತಾಗುವ ಸಂಗತಿಗಳೇ? ತಿಂಗಳುಗಟ್ಟಲೆ ಮೊದಲೇ ಗೊತ್ತಿತ್ತು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಡಾಕ್ಟರು ಗರ್ಭಿಣಿಯರನ್ನು ನೋಡುತ್ತಾರಲ್ಲ, ಅವತ್ತೇ "ಈಕೆ ಹೆರುವುದು ಎಲ್ಲಿ" ಅಂತ ಕಾರ್ಡಿನ ಮೇಲೆ ಬರೆಯಬೇಕು. ಸುಮ್ನೆ ಕೆಂಪು ಗುರುತು ಹಚ್ಚಿ ಕಳಿಸಿದರೆ ಅದು ಕೆಂಪು ಗುರುತಾಗಿಯೇ ಉಳಿಯುತ್ತದೆ. ಆಸ್ಪತ್ರೆ ಹೆಸರು ಬರೆಯಿರಿ, ಯಾವ ವಾರ ಹೋಗಿ ಸೇರಬೇಕು ಬರೆಯಿರಿ.

ನನ್ನ ಲೆಕ್ಕದಲ್ಲಿ ಅತಿ ಒಳ್ಳೆಯ ರೆಫರಲ್ ಅಂದರೆ ಹಗಲು ಹೊತ್ತಿನ ಬಸ್ಸಿನಲ್ಲಿ, ಕೈಚೀಲ ಹಿಡಿದು, ನೋವು ಶುರುವಾಗುವ ಮೊದಲು ಹೋದದ್ದು. ಸೈರನ್ನೇ ಬೇಕಾಗಿಲ್ಲ.

ಇಲ್ಲಿ ತವರಿನ ತೊಡಕು ಮತ್ತೆ ಬರುತ್ತದೆ. ಗಂಡನ ಮನೆ ಕುಷ್ಟಗಿ ಕಡೆ, ತವರು ಮಸ್ಕಿ ಕಡೆ ಅಂತಿಟ್ಟುಕೊಳ್ಳಿ. ಏಳು ತಿಂಗಳು ಅಲ್ಲಿನ ಆಶಾ ನೋಡಿದಳು. ಕುಬಸ ಆಗಿ ಇಲ್ಲಿ ಬಂದಳು. ಇಲ್ಲಿನ ಆಶಾ ಪಟ್ಟಿಯಲ್ಲಿ ಆಕೆಯ ಹೆಸರೇ ಇಲ್ಲ. ತಾಯಿ ಕಾರ್ಡ್ ಗಂಡನ ಮನೆ ಟ್ರಂಕಿನಲ್ಲಿ. ನಾವು ರಾತ್ರಿ ಒಂದಕ್ಕೆ ರಕ್ತದ ಗುಂಪು ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಆಶಾಗಳು ಕುಬಸದ ಊಟಕ್ಕೆ ಹೇಗೂ ಹೋಗಿರುತ್ತೀರಿ. ಅವತ್ತೇ ಕಾರ್ಡ್ ಕೇಳಿ, ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ ಹೊಡೆದುಕೊಳ್ಳಿ, ಹಳೇ ಊರಿನ ಆಶಾ ನಂಬರ್ ತೆಗೆದುಕೊಳ್ಳಿ. ನಮ್ಮಲ್ಲಿ ಒಬ್ಬ ಆಶಾ ಇದನ್ನು ತಾನೇ ಶುರು ಮಾಡಿದಳು. ಆಕೆಯ ಊರಿಂದ ಬಂದವರ ಕಾರ್ಡ್ ಇಲ್ಲ ಅಂತ ಈಚೆಗೆ ಆಗಿಲ್ಲ.

ಹೊಳೆಯ ಊರುಗಳದು ಬೇರೆಯೇ ಕತೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯ ನಡುಗಡ್ಡೆಯವರು ಆಚೆಯೇ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದಲ್ಲೂ ನೀರು ಏರಿದರೆ ಇದೇ ಪಾಡು. ಅಲ್ಲಿ ಯಾವ ಗಾಡಿಯೂ ಕೆಲಸಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ದಿನ ತುಂಬುವವರ ಪಟ್ಟಿ ಜೂನ್‌ನಲ್ಲೇ ಮಾಡಿ, ನೀರು ಬರುವ ಮೊದಲು ಈಚೆ ದಡದ ನೆಂಟರ ಮನೆಗೆ ತರಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಲಕ್ಷಣ: ಫೋನ್ ಮಾಡಿದ್ದೀರಿ, ಗಾಡಿ ಬಂದಿಲ್ಲ

108 ಸೇವೆ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಜನಕ್ಕೆ ನಂಬರ್ ಬಾಯಿಪಾಠ ಆಗಿದೆ. ವಿಳಾಸ ಹೇಳುವುದು ಮಾತ್ರ ಇನ್ನೂ ಬಂದಿಲ್ಲ. ಫೋನ್ ಎತ್ತುವವರು ನಮ್ಮ ಊರಿನವರಲ್ಲ. "ಕ್ಯಾಂಪಿಗೆ ಬರ್ರಿ" ಅಂದರೆ ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪ್ ಅಂತ ಕರೆಯುವ ಸಣ್ಣ ಊರು ಎಷ್ಟಿವೆ? ಆರ್.ಎಚ್. (ಪುನರ್ವಸತಿ) ಕ್ಯಾಂಪ್ ಅಂದರೂ ನಂಬರ್ ಹೇಳಬೇಕು. ದೇವದುರ್ಗ ಕಡೆಯ ದೊಡ್ಡಿಗಳು, ಲಿಂಗಸುಗೂರು ಕಡೆಯ ತಾಂಡಾಗಳು ಕೂಡ ಹಾಗೇ. ಮೊದಲು ತಾಲ್ಲೂಕು, ಆಮೇಲೆ ಪಂಚಾಯಿತಿ ಊರು, ಆಮೇಲೆ ದೊಡ್ಡಿಯ ಹೆಸರು, ಕೊನೆಗೆ ಡಾಂಬರು ರಸ್ತೆಯಿಂದ ಎಲ್ಲಿ ತಿರುಗಬೇಕು. ಈ ಕ್ರಮದಲ್ಲಿ ಹೇಳಿಸಿ. ಮಳೆ ಬಿದ್ದ ಎರೆ ನೆಲದ ದಾರಿಯಾದರೆ ಗಾಡಿ ಒಳಗೆ ಬರಲಿ ಅಂತ ಹಟ ಬೇಡ. ಸಿಕ್ಕಿಕೊಂಡರೆ ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಇರುವುದಾದರೆ ಅದರಲ್ಲೇ ಹುಲ್ಲಿನ ಮೇಲೆ ಕೌದಿ ಹಾಸಿ ಮೇನ್ ರೋಡಿಗೆ ತನ್ನಿ.

ಆಸ್ಪತ್ರೆಯಿಂದ ಆಸ್ಪತ್ರೆಗೆ ಆದರೆ ಪರೀಕ್ಷೆ ಇಷ್ಟೇ: 108 ಬೇರೆ ಕೇಸಿಗೆ ಹೋಗಿದೆ ಅಂದರೆ ಎರಡನೇ ಗಾಡಿ ಯಾವುದು, ಅದರ ಚಾಲಕ ರಾತ್ರಿ ಎಲ್ಲಿ ಮಲಗುತ್ತಾನೆ, ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ. ಮೂರಕ್ಕೂ ಉತ್ತರ ಸಂಜೆ ಡ್ಯೂಟಿ ಬದಲಾಗುವಾಗ ಗೊತ್ತಿರಬೇಕು.

ಲಕ್ಷಣ: ಗಾಡಿ ಅಂಗಳದಲ್ಲಿ ನಿಂತಿದೆ, ಹೊರಡುತ್ತಿಲ್ಲ

ಇದು ನಮ್ಮ 35 ನಿಮಿಷ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಮ್ಯಾಗ್‌ಸಲ್ಫ್ (ಬಿಪಿ ಏರಿದ ಬಸುರಿಗೆ ಫಿಟ್ಸ್ ತಡೆಯುವ ಇಂಜೆಕ್ಷನ್) ಕೊಟ್ಟು ಕಳಿಸಬೇಕಿತ್ತು. ಸ್ನಾಯುವಿಗೆ ಕೊಡುವ ಮೊದಲ ಡೋಸು ಎರಡೂ ಪಿರ್ರೆಗೆ ತಲಾ 5 ಗ್ರಾಂ, ಒಟ್ಟು 10 ಗ್ರಾಂ. ನಮ್ಮಲ್ಲಿ ಬರುವ ಒಂದು ಆಂಪೂಲ್ ಅಂದರೆ 2 ಎಂಎಲ್, ಒಂದು ಗ್ರಾಂ. ಅಂದರೆ ಹತ್ತು ಆಂಪೂಲ್ ಒಡೆಯಬೇಕು. ಟ್ರೇಯಲ್ಲಿ ಆರು ಇದ್ದವು. ಉಳಿದ ನಾಲ್ಕು ಸ್ಟೋರಿನಲ್ಲಿ. ಸ್ಟೋರಿನ ಬೀಗದ ಕೈ ಫಾರ್ಮಸಿಯವರ ಮನೆಯಲ್ಲಿ. ಆಯಾ ಓಡಿದಳು. ಕೊನೆಗೆ ಒಡೆಯುವಾಗ ಒಂದು ಆಂಪೂಲ್ ಬೆರಳು ಕೊಯ್ದಿತು, ಅದಕ್ಕೆ ಹತ್ತಿ ಸುತ್ತಿಕೊಂಡು ಎಳೆದೆ. ಹೊರಗೆ ಗಾಡಿ ಎಂಜಿನ್ ಆನ್ ಇತ್ತು.

ಈಗ ಹತ್ತು ಆಂಪೂಲ್, 10 ಎಂಎಲ್‌ನ ಎರಡು ಸಿರಿಂಜ್, ಉದ್ದ ಸೂಜಿ, ಜೊತೆಗೆ ಆ ಔಷಧಿಯೇ ಹೆಚ್ಚಾಗಿ ವಿಷವೇರಿದರೆ ಬೇಕಾಗುವ ಕ್ಯಾಲ್ಸಿಯಂ ಗ್ಲುಕೋನೇಟ್, ಎಲ್ಲ ಒಂದೇ ಡಬ್ಬಿಯಲ್ಲಿವೆ. ಡಬ್ಬಿಗೆ ಬೀಗ ಇಲ್ಲ, ಪ್ಲಾಸ್ಟರ್ ಅಂಟಿಸಿದ್ದೇವೆ. ಪ್ಲಾಸ್ಟರ್ ಹರಿದಿದ್ದರೆ ಯಾರೋ ಬಳಸಿದ್ದಾರೆ, ತುಂಬಬೇಕು ಅಂತ ತಿಳಿಯುತ್ತದೆ. ರಕ್ತಸ್ರಾವಕ್ಕೆ ಇನ್ನೊಂದು ಡಬ್ಬಿ: ದಪ್ಪ ಕ್ಯಾನುಲಾ ಎರಡು, ಸಲೈನು, ಮೂತ್ರದ ನಳಿಕೆ, ಮಿಸೊಪ್ರೊಸ್ಟಾಲ್. ಗರ್ಭಕೋಶ ಬಿಗಿಸಿ ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಮಾತ್ರ ಡಬ್ಬಿಯಲ್ಲಿ ಇಡಬೇಡಿ, ಅದರ ಜಾಗ ಫ್ರಿಜ್. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಅದರ ಶಕ್ತಿ ಇಳಿಯುತ್ತದೆ. ಡಬ್ಬಿ ಮೇಲೆ "ಫ್ರಿಜ್ ನೆನಪಿರಲಿ" ಅಂತ ಬರೆದಿದ್ದೇವೆ.

ಉಳಿದ ಹೊತ್ತು ಚೀಟಿ ಬರೆಯುವುದರಲ್ಲಿ ಹೋಗಿತ್ತು. ರೆಫರಲ್ ಚೀಟಿ ಪ್ರಬಂಧ ಆಗಬೇಕಿಲ್ಲ. ನಾಲ್ಕು ಸಾಲು ಸಾಕು. ಯಾರು, ಎಷ್ಟನೇ ಬಸುರು, ಎಷ್ಟು ವಾರ. ಏನಾಗಿದೆ. ಏನು ಕೊಟ್ಟಿದ್ದೇವೆ, ಎಷ್ಟು ಹೊತ್ತಿಗೆ. ಅಲ್ಲಿ ಏನು ಬೇಕು. ಮೂರನೇ ಸಾಲಿನ "ಎಷ್ಟು ಹೊತ್ತಿಗೆ" ಬಿಟ್ಟರೆ ಅನಾಹುತ. ಮ್ಯಾಗ್‌ಸಲ್ಫ್ ಕೊಟ್ಟಿದ್ದು ಅಲ್ಲಿನವರಿಗೆ ಗೊತ್ತಾಗದೆ ಮತ್ತೊಮ್ಮೆ ಕೊಟ್ಟರೆ ಉಸಿರಾಟಕ್ಕೇ ತೊಂದರೆ. ಚೀಟಿ ಕಳೆಯುತ್ತದೆ ಅಂತ ನಾನು ಹೊತ್ತನ್ನು ಆಕೆಯ ಮುಂಗೈ ಮೇಲೆ ಪ್ಲಾಸ್ಟರ್ ಹಚ್ಚಿ ಅದರ ಮೇಲೂ ಬರೆಯುತ್ತೇನೆ.

ಇನ್ನು ಬಟ್ಟೆ ತರಲು ಹೋದ ಅತ್ತಿಗೆ, ಚಹಾ ಕುಡಿಯಲು ಹೋದ ಮಾವ. ಅವರಿಗಾಗಿ ಗಾಡಿ ನಿಲ್ಲಬಾರದು. ಒಬ್ಬ ಹೆಂಗಸು ಜೊತೆಗಿದ್ದರೆ ಹೊರಡಿ. ಉಳಿದವರು ಹಿಂದೆ ಬರಲಿ. ಅವರಲ್ಲಿ ರಕ್ತ ಕೊಡಬಲ್ಲ ಇಬ್ಬರು ಇರಲಿ ಅಂತ ಹೇಳಿ ಕಳಿಸಿ.

ಲಕ್ಷಣ: ಒಂದು ಆಸ್ಪತ್ರೆ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ

ಎಲ್ಲಕ್ಕಿಂತ ಕೆಟ್ಟ ದೋಷ ಇದು. ಗಾಡಿ ಓಡುತ್ತಲೇ ಇರುತ್ತದೆ, ಆಸ್ಪತ್ರೆ ಮಾತ್ರ ಬರುವುದಿಲ್ಲ.

ಕಾರಣ ಬಹಳ ಸಲ ಒಂದೇ: ಫೋನ್ ಮಾಡದೆ ಕಳಿಸಿದ್ದು. ಬೋರ್ಡಿನ ಮೇಲೆ ಸಿಸೇರಿಯನ್ ಸೌಲಭ್ಯ ಇದೆ ಅಂತ ಇರುತ್ತದೆ. ಅವತ್ತು ಅರಿವಳಿಕೆ ಡಾಕ್ಟರು ರಜೆ. ಅಥವಾ ಆ ಗುಂಪಿನ ರಕ್ತ ಇಲ್ಲ. ಅಥವಾ ಕೂಸು ದಿನ ತುಂಬಿಲ್ಲ, ಅಲ್ಲಿ ನವಜಾತ ಶಿಶುಗಳ ಘಟಕದಲ್ಲಿ ಜಾಗ ಇಲ್ಲ. ಈ ಮೂರನ್ನೂ ಹೊರಡುವ ಮೊದಲು ಕೇಳಬೇಕು. "ಕೇಸ್ ಕಳಿಸ್ತಿದೀವಿ" ಅಂತ ತಿಳಿಸುವುದು ಬೇರೆ, "ಈಗ ಆಪರೇಷನ್ ಆಗುತ್ತಾ, ಬಿ ನೆಗೆಟಿವ್ ಇದೆಯಾ" ಅಂತ ಕೇಳುವುದು ಬೇರೆ. ಫೋನ್ ಎತ್ತಿದವರ ಹೆಸರು ಚೀಟಿಯಲ್ಲಿ ಬರೆಯಿರಿ. ಹೆಸರು ಕೇಳಿದ ಕೂಡಲೇ ಉತ್ತರದ ಧಾಟಿ ಬದಲಾಗುವುದನ್ನು ನೀವೇ ನೋಡುತ್ತೀರಿ.

ಎರಡನೆಯ ಕಾರಣ ಜಿಲ್ಲೆಯ ಗಡಿ. ನಮ್ಮ ಜಿಲ್ಲೆ ಅಂದಮೇಲೆ ರಾಯಚೂರಿನ ರಿಮ್ಸ್, ಆ ಜಿಲ್ಲೆ ಅಂದರೆ ಕೊಪ್ಪಳದ ಕಿಮ್ಸ್ (ಎರಡೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಹೀಗೆ ರೂಢಿ ಮೇಲೆ ಕಳಿಸುತ್ತೇವೆ. ಸಿಂಧನೂರಿನಿಂದ ರಾಯಚೂರೂ ಬಳ್ಳಾರಿಯೂ ಹೆಚ್ಚೂಕಮ್ಮಿ ಒಂದೇ ದೂರ. ರಕ್ತ ಹರಿಯುತ್ತಿರುವವಳಿಗೆ ಜಿಲ್ಲೆ ಯಾವುದಾದರೇನು? ಎರಡೂ ಕಡೆ ಫೋನ್ ಮಾಡಿ, ಯಾರು "ಬನ್ನಿ, ಟೇಬಲ್ ಖಾಲಿ ಇದೆ" ಅಂದರೋ ಅಲ್ಲಿಗೆ ಹೋಗಲಿ. ಹೆರಿಗೆ ನಂತರದ ಭಾರೀ ರಕ್ತಸ್ರಾವ ತಡೆಯದಿದ್ದರೆ ಸರಾಸರಿ ಎರಡು ತಾಸಿನಲ್ಲಿ ಜೀವ ಹೋಗಬಹುದು ಅಂತ ನಮಗೆಲ್ಲ ಪಾಠದಲ್ಲಿ ಕಲಿಸಿದ್ದಾರೆ. ಒಂದು ಆಸ್ಪತ್ರೆ ತಪ್ಪಾದರೆ ಆ ಎರಡು ತಾಸು ಮುಗಿದ ಹಾಗೇ.

ಲಕ್ಷಣ: ದಾರಿಯಲ್ಲಿ ಕೆಡುತ್ತದೆ

ರೋಡನ್ನು ನಾವು ರಿಪೇರಿ ಮಾಡಲಾರೆವು. ರೈಲ್ವೆ ಗೇಟ್ ತೆಗೆಸಲಾರೆವು. ಹಾಗಾಗಿ ಇಲ್ಲಿ ಕಡಿಮೆ ಹೇಳುತ್ತೇನೆ. ಎಡಮಗ್ಗುಲಾಗಿ ಮಲಗಿಸಿ, ಅಂಗಾತ ಬೇಡ. ಹೊಟ್ಟೆಯ ಭಾರ ರಕ್ತನಾಳದ ಮೇಲೆ ಬೀಳುತ್ತದೆ. ಹೆರಿಗೆ ಆಗಿ ರಕ್ತ ಹೋಗುತ್ತಿದ್ದರೆ ಗರ್ಭಕೋಶ ಉಜ್ಜುವುದನ್ನು ದಾರಿಯುದ್ದಕ್ಕೂ ಬಿಡಬೇಡಿ. ಫಿಟ್ಸ್, ರಕ್ತಸ್ರಾವ ಇದ್ದ ಕೇಸಿನ ಜೊತೆ ಸಿಸ್ಟರ್ ಒಬ್ಬರು ಹೋಗಲೇಬೇಕು ಅನ್ನುವುದು ನನ್ನ ಮಾತು. ಹೋದರೆ ಹಿಂದೆ ಹೆರಿಗೆ ಕೋಣೆಯಲ್ಲಿ ಯಾರು ಅನ್ನುವ ಪ್ರಶ್ನೆಗೆ ನನ್ನಲ್ಲೂ ಪೂರ್ತಿ ಉತ್ತರ ಇಲ್ಲ. ಪಕ್ಕದ ವಾರ್ಡಿನವರಿಗೆ ಮೊದಲೇ ಹೇಳಿಟ್ಟಿರುತ್ತೇವೆ.

ಲಕ್ಷಣ: ಗೇಟಿಗೆ ತಲುಪಿದ್ದೀರಿ, ಯಾರೂ ನೋಡುತ್ತಿಲ್ಲ

ಆ 40 ನಿಮಿಷದಲ್ಲಿ ಹದಿನೈದು ಚೀಟಿ ಕೌಂಟರಿನಲ್ಲಿ ಹೋಯಿತು. ಆಧಾರ್ ಕೊಡಿ, ಕಾರ್ಡ್ ಕೊಡಿ. ಆಮೇಲೆ ಸ್ಟ್ರೆಚರ್ ಹುಡುಕಾಟ. ಆಮೇಲೆ ಒಳಗಿನ ಸಿಸ್ಟರ್ ಕೇಳಿದ್ದು: "ಯಾರು ಕಳಿಸಿದ್ದು, ನಮಗೆ ಹೇಳೇ ಇಲ್ಲವಲ್ಲ?" ನಾವು ಹೇಳಿದ್ದೆವು, ಫೋನ್ ಎತ್ತಿದವರ ಡ್ಯೂಟಿ ಮುಗಿದಿತ್ತು.

ಎರಡನೇ ಫೋನ್ ಬೇಕು. ಹೊರಡುವಾಗ ಒಂದು, ಊರು ಹತ್ತು ಕಿಲೋಮೀಟರ್ ಇದೆ ಅನ್ನುವಾಗ ಗಾಡಿಯಿಂದ ಇನ್ನೊಂದು. ಆಗ ಸ್ಟ್ರೆಚರ್ ಗೇಟಿಗೆ ಬರುತ್ತದೆ. ಜೊತೆಗಿನ ಹೆಂಗಸು ತಾಯಿಯ ಕೈ ಹಿಡಿದು ನೇರ ಹೆರಿಗೆ ಕೋಣೆಗೆ, ಗಂಡಸರು ಕೌಂಟರಿಗೆ. ಇದನ್ನು ಗಾಡಿ ಹತ್ತಿಸುವಾಗಲೇ ಹೇಳಿ. ಇಲ್ಲದಿದ್ದರೆ ಎಲ್ಲರೂ ಕೌಂಟರಿನ ಮುಂದೆ ನಿಂತಿರುತ್ತಾರೆ, ಆಕೆ ಒಬ್ಬಳೇ ಗಾಡಿಯಲ್ಲಿರುತ್ತಾಳೆ.

ದೊಡ್ಡ ಆಸ್ಪತ್ರೆಯವರ ಕಡೆಯಿಂದಲೂ ನೋಡಬೇಕು. ಅವರ ಕೋಣೆ ತುಂಬಿರಲು ನಾವೂ ಕಾರಣ. ಇಲ್ಲೇ ಆಗಬಹುದಾದ ಹೆರಿಗೆಯನ್ನು "ಯಾಕೆ ರಿಸ್ಕ್" ಅಂತ ಕಳಿಸಿರುತ್ತೇವೆ. ನಿಮ್ಮ ಹಾಳೆಯಲ್ಲಿ ಒಂದು ಕಾಲಂ ಸೇರಿಸಿ: ಅಲ್ಲಿ ಏನಾಯಿತು. ಮರುದಿನ ಫೋನ್ ಮಾಡಿ ತುಂಬಿ. "ತಲುಪಿ ಅರ್ಧ ತಾಸಿಗೆ ನಾರ್ಮಲ್ ಆಯಿತು" ಅಂತ ಪದೇ ಪದೇ ಬಂದರೆ ದೋಷ ನಮ್ಮ ಪಾರ್ಟೋಗ್ರಾಫಿನಲ್ಲಿದೆ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಆಗಾಗ ಗುರುತು ಹಾಕುವ ಹಾಳೆ). ಬಹುಶಃ ಅದನ್ನು ಹೆರಿಗೆ ಆದ ಮೇಲೆ ತುಂಬುತ್ತಿದ್ದೀರಿ. ನಾವೂ ಹಾಗೇ ತುಂಬುತ್ತಿದ್ದೆವು.

ರಿಪೇರಿ ಆಯಿತಾ?

ಹೋದ ತಿಂಗಳು ಅದೇ ದಾರಿಯಲ್ಲಿ, ಹೆಚ್ಚೂಕಮ್ಮಿ ಅಂಥದ್ದೇ ಕೇಸು. ತೀರ್ಮಾನದಿಂದ ಫೋನಿಗೆ 4 ನಿಮಿಷ. ಗಾಡಿಗೆ 28. ಅಂಗಳದಲ್ಲಿ 9. ರೋಡಿನಲ್ಲಿ 88, ಮಳೆ ಇತ್ತು. ಬಾಗಿಲಲ್ಲಿ 12. ಒಟ್ಟು 141. ರೋಡು ಮೊದಲಿಗಿಂತ ಮೂರು ನಿಮಿಷ ಜಾಸ್ತಿಯೇ ತೆಗೆದುಕೊಂಡಿತು, ಆದರೂ 74 ನಿಮಿಷ ಉಳಿಯಿತು. ಗಾಡಿಗೆ ಕಾಯುವ 28 ಇನ್ನೂ ಹಾಗೇ ಇದೆ. ಈಗ ಅದರ ಬೆನ್ನು ಹತ್ತಿದ್ದೇವೆ.

ಹಾಳೆ ಹೆರಿಗೆ ಕೋಣೆಯ ಬಾಗಿಲ ಹಿಂದೆ ತೂಗುತ್ತದೆ. ಮೊದಲ ವಾರ ಪೆನ್ನು ಮೂರು ಸಲ ಕಾಣೆಯಾಯಿತು. ಪೆನ್ನು ಇಲ್ಲದ ಹೊತ್ತಿನ ಗೇಜ್‌ಗಳೆಲ್ಲ ಖಾಲಿ. ಈಗ ಬ್ಯಾಂಡೇಜ್ ಬಟ್ಟೆಯ ದಾರ ಹೊಸೆದು ಪೆನ್ನನ್ನು ಮೊಳೆಗೆ ಕಟ್ಟಿದ್ದೇವೆ.